ಕಾಣೆಯಾದ ನೀಲಿ

"ನಾನು ಕಾಣೆಯಾಗಿಲ್ಲ ಕಣಮ್ಮ," ಎಂದ ಬೆಂಚಿನ ಮೇಲಿನ ಮುದುಕ. "ಬಸ್ಸಿಗೆ ಕಾಯ್ತಾ ಇದೀನಿ. ಎರಡಕ್ಕೂ ವ್ಯತ್ಯಾಸ ಇದೆ."

ದಫೇದಾರಮ್ಮ ಕೈಯಲ್ಲಿದ್ದ ಪೋಸ್ಟರನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು. ಸ್ವೆಟರ್ ಸರಿಯಾಗಿತ್ತು. ಗುಲಾಬಿಯ ಕಡೆಗೆ ವಾಲಿದ ಕೆಂಪು, ಉದ್ದ ತೋಳು, ಎದೆಗೆ ಗುಂಡಿ. ಒಳಗಿದ್ದ ಮನುಷ್ಯ ಮಾತ್ರ ಬೇರೆಯವನು.

ಇವನು ಮೂರನೆಯವನು. ಮೊದಲನೆಯವನು ನಕ್ಕುಬಿಟ್ಟಿದ್ದ. ಎರಡನೆಯವನು ಹೆಂಡತಿಯನ್ನು ಕರೆದು ತಾನು ತಾನೇ ಎಂದು ಸಾಕ್ಷಿ ಹೇಳಿಸಿದ್ದ. ಈತ ಜಗಳಕ್ಕೇ ನಿಂತ. ಬೆಳಗಿನಿಂದ ಇಬ್ಬರು ಬಂದು ತನ್ನ ಮೂಗಿನ ಪಕ್ಕ ಆ ಪಟ ಹಿಡಿದು, ಎತ್ತು ಕೊಳ್ಳುವವರ ಹಾಗೆ ನೋಡಿ ಹೋದರಂತೆ. ಕೆಂಪು ಸ್ವೆಟರ್ ಹಾಕಿದ್ದೇ ತಪ್ಪಾಯಿತೇ ಎಂದು ಕೇಳಿದ. ದಫೇದಾರಮ್ಮ ತಪ್ಪಾಯಿತು ಎಂದು ಕೈ ಮುಗಿದು ಈಚೆ ಬಂದಳು.

ನಾಲ್ಕು ದಿನದ ಹಿಂದೆ ಸರಾಫರ ಒಡವೆ ಅಂಗಡಿಯ ತಿಜೋರಿ ಬೀಗ ಒಡೆಯದೆಯೇ ಖಾಲಿಯಾಗಿತ್ತು. ಅದೇ ಸಂಜೆ, ಊರಿನ ಬೀಗಗಳ ಹೊಟ್ಟೆಯೊಳಗಿನದೆಲ್ಲ ಬಲ್ಲ ಬೀಗದ ತಾತ ಮನೆಯಿಂದ ಹೊರಟವನು ತಿರುಗಿ ಬಂದಿರಲಿಲ್ಲ.

ಪೊಲೀಸರಿಗೆ ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಕದ್ದ, ಓಡಿದ, ಅಷ್ಟೇ. ತಾತನ ಮಗಳ ಚಿಂತೆಯೇ ಬೇರೆ. ತಾತನಿಗೆ ವರ್ಷದಿಂದೀಚೆಗೆ ಮರೆವು ಹತ್ತಿತ್ತು. ಬೀಗ ಮರೆಯುತ್ತಿರಲಿಲ್ಲ, ಮನೆ ಮರೆಯುತ್ತಿದ್ದ. ಎದೆಗೆ ದಿನಕ್ಕೊಂದು ಮಾತ್ರೆ ಬೇಕೇ ಬೇಕು, ಮಾತ್ರೆಯ ಡಬ್ಬಿ ಮನೆಯ ಕಪಾಟಿನಲ್ಲೇ ಕೂತಿತ್ತು. ವಾರ ಮೀರಿದರೆ ತಾನು ಏನೂ ಹೇಳಲಾರೆ ಎಂದು ಡಾಕ್ಟರು ಕೈ ಚೆಲ್ಲಿದ್ದರು. ಅದಕ್ಕೇ ಮಗಳು ದಫೇದಾರಮ್ಮನ ಬಳಿ ಬಂದದ್ದು. ಪೊಲೀಸ್ ಕೆಲಸದಿಂದ ನಿವೃತ್ತಿಯಾದ ಮೇಲೆ ಅವಳು ಟೈಲರ್ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಹಿಡಿದು ಪತ್ತೇದಾರಿ ನಡೆಸುತ್ತಿದ್ದಳು. ದಫೇದಾರ್ ಹುದ್ದೆ ಸರ್ಕಾರಕ್ಕೆ ವಾಪಸ್ ಹೋಗಿತ್ತು, ಹೆಸರು ಅವಳಿಗೇ ಅಂಟಿಕೊಂಡಿತ್ತು.

ಬಸ್ ನಿಲ್ದಾಣದ ಕಾಯುವ ಕೋಣೆಯಲ್ಲಿ ಒಬ್ಬ ಹೆಂಗಸು ನೆಲ ಒರೆಸುತ್ತಿದ್ದಳು. ಜಗಳವನ್ನೆಲ್ಲ ಕೇಳಿಸಿಕೊಂಡಿದ್ದವಳು ಕೋಲಿಗೆ ಗಲ್ಲ ಊರಿ ಪೋಸ್ಟರಿನತ್ತ ಬಗ್ಗಿದಳು.

"ಈ ಮುಖ ನಾನು ನೋಡಿದೀನಿ. ಆದ್ರೆ ಅವರು ಇವರಲ್ಲ ಬಿಡಿ. ಅವರ ಸ್ವೆಟರ್ ನೀಲಿ."

"ಯಾವ ನೀಲಿ?"

"ನೀಲಿ ಅಂದ್ರೆ ನೀಲಿ ಅಮ್ಮ. ಬಿಳಿ ಬಟ್ಟೆಗೆ ಹಾಕ್ತೀವಲ್ಲ, ಆ ನೀಲಿ."

ಆ ಮುದುಕ ಎರಡು ಬೆಳಗ್ಗೆ ಕೊನೆಯ ಬೆಂಚಿನಲ್ಲಿ ಬಂದು ಕೂತಿದ್ದನಂತೆ. ಯಾವ ಬಸ್ಸೂ ಹತ್ತಲಿಲ್ಲ. ಇವಳು ಕೊಟ್ಟ ಬಿಸ್ಕೆಟ್ ತಿಂದು, ಪೊರಕೆ ಇಡುವ ಕಪಾಟಿನ ಬೀಗವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, ಇದು ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತೆ, ಈಗಲೇ ಎರಡು ಹನಿ ಎಣ್ಣೆ ಬಿಡು ಎಂದು ಹೇಳಿ ಎದ್ದು ಹೋದನಂತೆ.

ಬಣ್ಣ ಏನೇ ಇರಲಿ, ಅಷ್ಟು ಹೊತ್ತು ಬೀಗ ಮುದ್ದಿಸುವ ಮುದುಕ ಊರಿಗೊಬ್ಬನೇ.

"ಇದನ್ನ ಯಾರಿಗೂ ಯಾಕೆ ಹೇಳಲಿಲ್ಲ ನೀನು?"

"ಹೇಳಿದೆನಲ್ಲ, ಅವರ ಮಗನಿಗೆ. ಮೊನ್ನೆ ಬಂದಿದ್ರು. ನೀಲಿ ಸ್ವೆಟರ್ ಹಾಕ್ಕೊಂಡಿರೋ ನಮ್ಮಪ್ಪ ಇಲ್ಲಿ ಬಂದಿದ್ರಾ ಅಂತ ಕೇಳಿದ್ರು. ಬೆಳಿಗ್ಗೆ ಬಂದಿದ್ರು, ಹೋದ್ರು ಅಂದೆ. ಇದೇ ತರ ಒಂದು ಹಾಳೆನೂ ಕೈಯಲ್ಲಿತ್ತು. ನಾನೆಲ್ಲಿ ನೋಡ್ಲಿ? ಒರೆಸಿದ ನೆಲ ತುಳ್ಕೊಂಡು ಬಂದ ಮನುಷ್ಯನ ಕಾಲು ನೋಡಿ ಬೈಯೋದರಲ್ಲೇ ಇದ್ದೆ."

ಬೀಗದ ತಾತನಿಗೆ ಗಂಡುಮಕ್ಕಳಿರಲಿಲ್ಲ. ಇದ್ದದ್ದು ಒಬ್ಬ ಮಗಳು, ಒಬ್ಬ ಅಳಿಯ.

ದಫೇದಾರಮ್ಮ ತಾತನ ಮನೆಯ ಫೋನ್ ನಂಬರು ಬರೆದುಕೊಟ್ಟು, ಅವನು ಮತ್ತೆ ಬಂದರೆ ಆ ಕ್ಷಣ ಫೋನ್ ಮಾಡಬೇಕೆಂದು ಹೇಳಿದಳು. ಗೋಡೆಗೆ ತೂಗುಹಾಕಿದ್ದ ಕಾಯಿನ್ ಫೋನಿನ ಮೇಲೆ ಬರೆದಿದ್ದ ನಂಬರನ್ನು ಹಳೇ ಅಭ್ಯಾಸದಂತೆ ಎಡಗೈಯ ಅಂಗೈಗೆ ಇಳಿಸಿಕೊಂಡಳು.

ಬಸ್ಸಿನಲ್ಲಿ ಕೂತು ಅವಳು ಒಂದನ್ನೇ ಮತ್ತೆ ಮತ್ತೆ ತಿರುವಿಹಾಕಿದಳು. ಊರಿಗೆ ಊರೇ ಕೆಂಪು ಸ್ವೆಟರ್ ಹುಡುಕುತ್ತಿದೆ. ಒಬ್ಬನೇ ಒಬ್ಬ ನೀಲಿ ಹುಡುಕುತ್ತಿದ್ದಾನೆ. ಆ ಒಬ್ಬನಿಗೆ ನಿಜ ಗೊತ್ತು. ಪೋಸ್ಟರು ಅಚ್ಚು ಹಾಕಿದವನು ಅಳಿಯ.

*

ತಾತನ ಮನೆಯ ಗೇಟಿನ ಬಳಿ ಸರಾಫರ ಕಾರು ನಿಂತಿತ್ತು. ಸರಾಫರು ಆಗಷ್ಟೇ ಹೊರಟಿದ್ದರು. ತಿಜೋರಿ ಖಾಲಿಯಾದ ದಿನದಿಂದ ಅವರು ದಿನಕ್ಕೊಮ್ಮೆ ಬಂದು ಮಗಳಿಗೆ ಧೈರ್ಯ ಹೇಳಿ ಹೋಗುತ್ತಿದ್ದರು. ಪೊಲೀಸರು ಏನೇ ಹೇಳಲಿ, ತಾತನ ಮೇಲೆ ತನಗೆ ಎಳ್ಳಷ್ಟೂ ಸಂಶಯವಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದ್ದರು. ದಫೇದಾರಮ್ಮನಿಗೆ ಅವರ ಮೇಲೆ ಗೌರವ ಬಂದದ್ದು ಆ ಮಾತಿನಿಂದಲೇ. ಕಳೆದುಕೊಂಡವನು ಕಂಡವರ ಮೇಲೆಲ್ಲ ಹರಿಹಾಯುವುದನ್ನು ಅವಳು ಮೂವತ್ತು ವರ್ಷ ನೋಡಿದ್ದಳು.

ಏನಾದರೂ ಸುಳಿವು ಸಿಕ್ಕಿತೇ ಎಂದು ಸರಾಫರು ಕೇಳಿದರು. ಕೆಂಪು ಸ್ವೆಟರಿನವರು ಮೂವರು ಸಿಕ್ಕರು, ಮೂವರೂ ಬೇರೆಯವರು ಎಂದಳು.

"ಅಯ್ಯೋ ಪಾಪ. ನೋಡಿ, ಎಲ್ಲೇ ಸಿಗಲಿ, ನನಗೊಂದು ಮಾತು ತಿಳಿಸಿ. ಕಾರು ತರ್ತೀನಿ. ಆ ವಯಸ್ಸಿನವರನ್ನ ಬಸ್ಸಲ್ಲಿ ಅಲ್ಲಾಡಿಸ್ಕೊಂಡು ತರೋದು ಬೇಡ."

ಒಳ್ಳೆಯ ಮನುಷ್ಯ ಎಂದುಕೊಂಡು ದಫೇದಾರಮ್ಮ ಮೆಟ್ಟಿಲು ಹತ್ತಿದಳು.

ಮಗಳು ನಡುಮನೆಯಲ್ಲಿ ಫೋನಿಗೆ ಕಾವಲು ಕೂತಂತೆ ಕೂತಿದ್ದಳು. ಕೈಯಲ್ಲಿ ಕಡ್ಡಿ, ಮಡಿಲಲ್ಲಿ ಉಣ್ಣೆಯ ಉಂಡೆ. ಅಪ್ಪ ಬಂದ ಮೇಲೆ ತಲೆಗೆ ತಂಡಿ ಹತ್ತಬಾರದೆಂದು ಟೋಪಿ ಹೆಣೆಯುತ್ತಿದ್ದೇನೆ ಎಂದಳು.

ದಫೇದಾರಮ್ಮ ಉಂಡೆಯನ್ನು ಕೈಗೆತ್ತಿಕೊಂಡಳು. ಬಟ್ಟೆಗೆ ಹಾಕುವ ನೀಲಿ.

"ಇದು ಯಾವ ಉಣ್ಣೆ ಕಣಮ್ಮ?"

"ಅಪ್ಪನ ಸ್ವೆಟರಿಂದೇ ಅಕ್ಕ. ಸ್ವಲ್ಪ ಉಳಿದಿತ್ತು."

"ನೀನು ಈ ಪೋಸ್ಟರ್ ನೋಡಿದೀಯಾ?"

ಮಗಳು ಮುಖ ತಿರುಗಿಸಿಕೊಂಡಳು. "ಇಲ್ಲ ಅಕ್ಕ. ಅಪ್ಪನ ಮುಖ ಗೋಡೆ ಮೇಲೆ, ಹಾಲಿನ ಅಂಗಡಿ ಪಕ್ಕ... ನನ್ನ ಕೈಲಿ ಆಗಲ್ಲ. ಆ ಕಡೆ ಹೋದ್ರೆ ತಲೆ ತಗ್ಗಿಸ್ಕೊಂಡು ಹೋಗ್ತೀನಿ."

ದಫೇದಾರಮ್ಮನಿಗೆ ನಾಚಿಕೆಯಾಯಿತು. ಹೊರಡುವಾಗ ಅಪ್ಪ ಏನು ಹಾಕಿಕೊಂಡಿದ್ದರು ಎಂದು ಮೊದಲ ದಿನವೇ ಮಗಳನ್ನು ಕೇಳಿದ್ದಳು. ಫೋಟೋದಲ್ಲಿರುವ ಸ್ವೆಟರೇ, ಹೊರಡುವ ದಿನ ಬೆಳಿಗ್ಗೆ ತೆಗೆದ ಫೋಟೋ ಎಂದಿದ್ದಳು ಮಗಳು. ಅಷ್ಟಕ್ಕೆ ತೃಪ್ತಳಾಗಿ ಗೋಡೆಯಿಂದ ಒಂದು ಪೋಸ್ಟರು ಕಿತ್ತುಕೊಂಡು ಊರು ಸುತ್ತಿದ್ದಳು. ಬಣ್ಣದ ಹೆಸರನ್ನು ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು.

"ನಿನ್ನ ಗಂಡ ಎಲ್ಲಿ?"

"ಒಳಗೆ, ಕಂಪ್ಯೂಟರ್ ಹತ್ರ. ಇನ್ನಷ್ಟು ಪೋಸ್ಟರ್ ತೆಗೀತೀನಿ ಅಂತಿದ್ರು."

"ನಾನು ಅವರ ಹತ್ರ ಸ್ವಲ್ಪ ಮಾತಾಡ್ಬೇಕು. ಕರೆಯೋವರೆಗೂ ಒಳಗೆ ಬರಬೇಡ."

ವಿಚಾರಣೆಗೆ ಬಾಗಿಲು ಮುಚ್ಚುವುದು ದಫೇದಾರಮ್ಮನ ಕ್ರಮ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಸುಳ್ಳಿಗೆ ಬೇಗ ಉಸಿರು ಕಟ್ಟುತ್ತದೆ ಎಂದು ಅವಳ ನಂಬಿಕೆ.

*

ಅಳಿಯ ಶೀತಲ ಗೋದಾಮೊಂದರಲ್ಲಿ ಲೆಕ್ಕ ಬರೆಯುವವನು. ಸಾಧು, ಮಿತಭಾಷಿ, ಜಿಪುಣ. ಅವನ ಕನ್ನಡಕದ ಕಾಲಿಗೆ ಟೇಪು, ಟಿವಿಯ ರಿಮೋಟಿಗೆ ಟೇಪು, ಕಿಟಕಿಯ ಬಿರುಕಿಗೆ ಟೇಪು. ಬೀಗದ ತಾತ ಅವನನ್ನು ಕರೆಯುತ್ತಿದ್ದದ್ದೇ ಟೇಪ್ ಅಳಿಯ ಎಂದು. ಮನೆಯಲ್ಲಿ ಒಡೆದದ್ದು ಯಾವುದೂ ಇಲ್ಲ, ಅಂಟಿಸಿದ್ದೇ ಎಲ್ಲ ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದನಂತೆ.

ಮೂಲೆಯ ಮೇಜಿನ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಇಂಕ್‌ಜೆಟ್ ಪ್ರಿಂಟರು, ಅದರ ಪಕ್ಕದಲ್ಲಿ ಸಿರಿಂಜು, ನಾಲ್ಕು ಪುಟ್ಟ ಇಂಕಿನ ಬಾಟಲಿ. ದಫೇದಾರಮ್ಮನ ಆಫೀಸಿನಲ್ಲೂ ಇಂಥದೇ ಒಂದಿತ್ತು. ಕಂಪನಿಯ ಹೊಸ ಕಾರ್ಟ್ರಿಡ್ಜ್ ಕೊಳ್ಳಹೋದರೆ ಮೂಗಿಗಿಂತ ಮೂಗುತಿ ಭಾರ. ಹಾಗಾಗಿ ಖಾಲಿಯಾದದ್ದಕ್ಕೇ ಇಂಕು ತುಂಬಿ ತುಂಬಿ ಬಳಸುವ ಕಷ್ಟ ಅವಳಿಗೂ ಗೊತ್ತಿತ್ತು.

"ಆ ಫೋಟೋ ತೆಗೀರಿ," ಎಂದಳು.

ಪರದೆಯ ಮೇಲೆ ತಾತ ಬಂದ. ಕೈಯಲ್ಲೊಂದು ಬೀಗ, ಮುಖದಲ್ಲಿ ಅರೆ ನಗು. ಸ್ವೆಟರ್ ನೀಲಿ. ದಫೇದಾರಮ್ಮ ಪೋಸ್ಟರನ್ನು ಪರದೆಯ ಪಕ್ಕ ಹಿಡಿದಳು.

ಅಳಿಯ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. "ಬೆಳಕಿಗೆ ಹಾಗೆ ಕಾಣುತ್ತೇನೋ ಮೇಡಂ."

"ಬೆಳಕು ನಿಮ್ಮ ಮಾವನ ಕೆನ್ನೆಗೂ ರಂಗು ಹಚ್ಚಿದೆಯಾ?"

ಅವನು ಗಂಟಲು ಸರಿಮಾಡಿಕೊಂಡ. ಮುಖ ಗುರುತು ಸಿಗುತ್ತದೋ, ಫೋನ್ ನಂಬರು ಸರಿಯಿದೆಯೋ ಎಂದಷ್ಟೇ ನೋಡಿದ್ದೆ ಎಂದ. ಸಂಜೆ ಅಚ್ಚು ಹಾಕಿ, ಬೀದಿ ದೀಪದ ಹಳದಿ ಬೆಳಕಲ್ಲಿ ಗೋಡೆಗೆ ಹಚ್ಚಿದ್ದು. ಸ್ವೆಟರ್ ಯಾರು ನೋಡುತ್ತಾರೆ? ಎಲ್ಲ ಆ ಇಂಕಿನವನ ಕಿತಾಪತಿ, ಸೋವಿ ಇಂಕು ಕೊಟ್ಟು ಕೈ ಕೊಟ್ಟಿದ್ದಾನೆ ಎಂದ.

"ಸರಿ. ಈಗ ಒಂದು ಹಾಳೆ ತೆಗೀರಿ. ನೋಡೋಣ."

ಪ್ರಿಂಟರು ಗೊರಗುಟ್ಟಿತು. ಇಂಕು ಖಾಲಿ ಎಂದು ಪರದೆಯ ಮೇಲೊಂದು ಎಚ್ಚರಿಕೆ ಬಂತು. ಅದು ತುಂಬಿಸಿದ ಇಂಕನ್ನು ಅಳೆಯುವುದಿಲ್ಲ, ಹಳೇ ಲೆಕ್ಕವನ್ನೇ ಹೇಳುತ್ತದೆ ಎಂದು ಅಳಿಯ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದ. ಹಾಳೆ ಅಂಗುಲ ಅಂಗುಲವಾಗಿ ಹೊರಬಂತು. ಹಣೆ, ಮೂಗು, ಗಲ್ಲ, ಕತ್ತು.

ಸ್ವೆಟರ್ ನೀಲಿ. ಕಣ್ಣಿಗೆ ಹೊಡೆಯುವಂಥ ನೀಲಿ.

ದಫೇದಾರಮ್ಮ ಆ ಹಾಳೆಯನ್ನು ಎತ್ತಿ ಕೆಂಪು ಪೋಸ್ಟರಿನ ಪಕ್ಕ ಇಟ್ಟಳು.

"ಇಂಕು ಸರಿಯಾಗಿದೆ, ಯಂತ್ರ ಸರಿಯಾಗಿದೆ," ಎಂದಳು ದಫೇದಾರಮ್ಮ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗಾದ್ರೆ ಅವತ್ತು ಬಣ್ಣ ತಿರುಚಿದ್ದು ಯಾರು?"

"ನಾನು ಏನೂ ಮಾಡಿಲ್ಲ ಮೇಡಂ."

"ಮೊನ್ನೆ ಬಸ್ ನಿಲ್ದಾಣಕ್ಕೆ ಹೋಗಿ, ನೀಲಿ ಸ್ವೆಟರ್ ಹಾಕಿದ ಅಪ್ಪ ಬಂದಿದ್ರಾ ಅಂತ ಕೇಳಿದ್ದು ಯಾರು?"

"ಬಸ್ ನಿಲ್ದಾಣ? ಮೊನ್ನೆ ನಾನು ಗೋದಾಮಲ್ಲಿದ್ದೆ."

"ಸರಾಫರ ತಿಜೋರಿಯ ಬೀಗ ಒಡೆದಿಲ್ಲ. ಯಾರೋ ಕೀಲಿ ಮಾಡಿಸಿದಾರೆ. ಆ ಕೀಲಿ ಮಾಡಬಲ್ಲವರು ನಿಮ್ಮ ಮಾವ ಒಬ್ಬರೇ. ಮರೆವಿನ ಮನುಷ್ಯ. ಇದು ನಮ್ಮ ಗೋದಾಮಿನದು ಮಾವ, ಒಂದು ಮಾಡಿಕೊಡಿ ಅಂದ್ರೆ ಮಾಡಿಕೊಡ್ತಾರೆ. ಆಮೇಲೆ ಅವರು ಯಾರ ಕಣ್ಣಿಗೂ ಬೀಳಬಾರದು. ಊರೆಲ್ಲ ಕೆಂಪು ಹುಡುಕ್ತಾ ಇರಲಿ, ನೀವೊಬ್ಬರೇ ನೀಲಿ ಹುಡುಕಿ."

ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು. "ಆಮೇಲೆ," ಎಂದಳು ದಫೇದಾರಮ್ಮ, ತಿರುಗದೆಯೇ. ಇಂಥ ಹೊತ್ತಿನಲ್ಲಿ ಎದುರಿಗಿರುವವನ ಮುಖದಿಂದ ಕಣ್ಣು ತೆಗೆಯಬಾರದು.

ಅಳಿಯನ ಮುಖ ಕೆಂಪೇರಿತ್ತು. ಆದರೆ ದನಿ ಏರಲಿಲ್ಲ.

"ಮಾವ ನನ್ನನ್ನ ಟೇಪ್ ಅಳಿಯ ಅಂತಾರೆ. ಬಂದೋರ ಮುಂದೆಲ್ಲ ಅಂತಾರೆ. ನನಗೆ ಬೇಜಾರಾಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಇಡೀ ಮನೇಲಿ ನನಗೊಂದು ಹೆಸರಿಟ್ಟು ಕರೆಯೋರು ಅವರೊಬ್ಬರೇ. ನನಗೆ ಹುಡುಕೋಕೆ ಬರಲ್ಲ ಮೇಡಂ, ಅಂಟಿಸೋಕೆ ಬರುತ್ತೆ. ದಿನಾ ಕೆಲಸ ಮುಗಿಸ್ಕೊಂಡು ಬಂದು ಅಂಟಿಸ್ತಾನೇ ಇದೀನಿ. ನೀವು ಏನಾದ್ರೂ ಅಂದ್ಕೊಳ್ಳಿ. ನಾನು ಈ ನೀಲಿ ಪೋಸ್ಟರ್ ತೆಗೀತೀನಿ. ಈಗಲೇ ಹೋಗಿ ಹಚ್ಚಬೇಕು."

ಹೀಗೆಂದವನೇ ಯಂತ್ರಕ್ಕೆ ಒಂದು ಕಟ್ಟು ಹಾಳೆ ತುಂಬಿ ಗುಂಡಿ ಒತ್ತಿದ. ದಫೇದಾರಮ್ಮ ಅಡ್ಡಿ ಮಾಡಲಿಲ್ಲ. ಕೈ ಕಟ್ಟಿಕೊಂಡು ನೋಡುತ್ತ ನಿಂತಳು.

ಎರಡನೆಯ ಹಾಳೆ ನೀಲಿ. ಮೂರನೆಯದೂ ನೀಲಿ. ನಾಲ್ಕನೆಯದರಲ್ಲಿ ತೋಳಿನ ಹತ್ತಿರ ನೀಲಿ ಏಕೋ ಬಾಡಿದ ಹಾಗಿತ್ತು. ಐದನೆಯದು ನೇರಳೆ. ಆರನೆಯದು ಹೊರಬರುವಾಗ ಅಳಿಯ ಕುರ್ಚಿಯಿಂದ ಎದ್ದುಬಿಟ್ಟ. ಏಳನೆಯದರಲ್ಲಿ ತಾತ ಗುಲಾಬಿ ಕೆಂಪಿನ ಸ್ವೆಟರ್ ತೊಟ್ಟು, ಕೆನ್ನೆಗೆ ರಂಗು ಬಳಿದುಕೊಂಡು ನಗುತ್ತಿದ್ದ.

ಮೇಜಿನ ಮೇಲೆ ಏಳು ಹಾಳೆಗಳನ್ನು ಸಾಲಾಗಿ ಹರವಿದರು. ಒಬ್ಬನೇ ಮನುಷ್ಯ, ಏಳು ಹೆಜ್ಜೆಯಲ್ಲಿ ಬಣ್ಣ ಬದಲಾಯಿಸಿದ್ದ. ಯಾರ ಕೈಯೂ ಮುಟ್ಟಿರಲಿಲ್ಲ.

ದಫೇದಾರಮ್ಮ ಹೊರಿಸಿದ ಆರೋಪ ಆ ಮೇಜಿನ ಮೇಲೆಯೇ ಸತ್ತುಬಿತ್ತು. ಅವಳಿಗೆ ಅದರಿಂದ ದುಃಖವೇನೂ ಆಗಲಿಲ್ಲ. ಸಮಾಧಾನವೇ ಆಯಿತು.

"ಕೂತ್ಕೊಳ್ಳಪ್ಪ," ಎಂದಳು. ದನಿ ತಾನಾಗಿ ತಗ್ಗಿತ್ತು. "ಇದಕ್ಕೇನು ರೋಗ ಅಂತ ಮೊದಲು ನೋಡೋಣ."

ಪರೀಕ್ಷೆಯ ಹಾಳೆ ತೆಗೆದರು. ಕಪ್ಪು, ಕೆಂಪು, ಹಳದಿ ಮೂರರ ಗೆರೆಗಳೂ ಏಣಿಯ ಮೆಟ್ಟಿಲಿನಂತೆ ಒಂದೂ ತಪ್ಪದೆ ಬಂದವು. ನೀಲಿಯ ಜಾಗದಲ್ಲಿ ಎರಡು ತುಂಡು ಗೆರೆ, ಉಳಿದದ್ದು ಬಿಳಿ. ನೀಲಿ ಸತ್ತರೆ ಅದರ ಜೊತೆ ಬೆರೆಯುವ ಕೆಂಪು ಮಾತ್ರ ಕಾಗದದ ಮೇಲೆ ಉಳಿಯುತ್ತದೆ. ಗುಲಾಬಿ ಬಂದದ್ದು ಹಾಗೆ.

ಇಂಕು ಒಣಗಿ, ಅದನ್ನು ಚಿಮ್ಮಿಸುವ ಹೆಡ್ಡಿನ ಕಂಡಿ ಕಟ್ಟಿದೆ ಎಂದಳು ದಫೇದಾರಮ್ಮ. ಅವಳ ಆಫೀಸಿನಲ್ಲಿ ಆಗುತ್ತಿದ್ದದ್ದು ಅದು. ಯಂತ್ರದಿಂದಲೇ ಎರಡು ಸಲ ಹೆಡ್ ತೊಳೆಸಿದರು. ಎರಡು ತುಂಡು ಗೆರೆಯೂ ಮಾಯವಾಯಿತು. ಕಾರ್ಟ್ರಿಡ್ಜ್ ಖಾಲಿಯಾಗಿದೆಯೇನೋ ಎಂದ ಅಳಿಯ. ಮುಚ್ಚಳ ತೆಗೆದರು. ನಾಲ್ಕು ಕಾರ್ಟ್ರಿಡ್ಜೂ ಪಾರದರ್ಶಕ. ನೀಲಿ ಕತ್ತಿನವರೆಗೆ ತುಂಬಿತ್ತು. ಮೇಜಿನ ಮೇಲೆ ಅಂಟಿಸಿದ್ದ ನಂಬರು ನೋಡಿ, ಅಳಿಯನ ಹಳೇ ಆಫೀಸ್ ಮೊಬೈಲಿನಿಂದ ಇಂಕಿನವನಿಗೆ ಫೋನ್ ಮಾಡಿದರು. ಆ ಮಹಾಶಯ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ತನ್ನ ಇಂಕು ಗಂಗೆಯಷ್ಟು ಶುದ್ಧ, ಹೆಡ್ಡು ಹೋಗಿದೆ, ಹೊಸ ಪ್ರಿಂಟರ್ ತೆಗೆದುಕೊಳ್ಳಿ, ತನ್ನ ಹತ್ತಿರವೇ ಒಂದಿದೆ ಎಂದ.

ಹೆಡ್ಡು ಹೋಗಿದ್ದರೆ ಮೊದಲ ಮೂರು ಹಾಳೆ ಹೇಗೆ ಬಂದವು? ಅವಳು ಫೋನಿಟ್ಟು ನೀಲಿ ಕಾರ್ಟ್ರಿಡ್ಜನ್ನು ಎಳೆದು ಅಂಗೈಯಲ್ಲಿಟ್ಟುಕೊಂಡಳು. ಅದರ ನೆತ್ತಿಯ ಮೇಲೆ ಅಗಲವಾದ ಒಂದು ಟೇಪು, ಒಂದರ ಮೇಲೊಂದು ಎರಡು ಪದರ. ಮಿಕ್ಕ ಮೂರಕ್ಕೆ ಇಂಕು ತುಂಬಿದ ತೂತಿನ ಮೇಲೆ ಮಾತ್ರ ಚೂರು ಟೇಪು.

"ಇದಕ್ಕೊಂದಕ್ಕೇ ಯಾಕೆ ಇಷ್ಟು?"

"ಅದು ಸೋರಿತ್ತು ಮೇಡಂ. ಹೋದ ಸಲ ಮೇಜೆಲ್ಲ ನೀಲಿ ಆಗಿತ್ತು. ಅದಕ್ಕೇ ಈ ಸಲ ಭದ್ರವಾಗಿ..." ಅಳಿಯ ಅರ್ಧಕ್ಕೇ ನಿಲ್ಲಿಸಿದ. ಬಗ್ಗಿ, ಪಕ್ಕದ ಕೆಂಪು ಕಾರ್ಟ್ರಿಡ್ಜಿನ ನೆತ್ತಿಯನ್ನು ಬೆರಳಿಂದ ಸವರಿದ. ಅಲ್ಲಿ ಸೂಜಿ ಮೊನೆಯಷ್ಟು ಇನ್ನೊಂದು ತೂತು ತೆರೆದೇ ಇತ್ತು. "ಗಾಳಿ ಹೋಗೋ ತೂತು. ಅದನ್ನೂ ಮುಚ್ಚಿಬಿಟ್ಟಿದೀನಿ."

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಏನಾಗುತ್ತದೆಂದು ಅಡುಗೆಮನೆ ಕಂಡವರಿಗೆಲ್ಲ ಗೊತ್ತು. ಮೊದಲು ಧಾರಾಳವಾಗಿ ಸುರಿಯುತ್ತದೆ, ಆಮೇಲೆ ಸಣ್ಣಗಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಬರುವುದಿಲ್ಲ. ಯಂತ್ರ ಕೆಲವು ದಿನ ಸುಮ್ಮನೆ ಕೂತಿದ್ದರೆ ಹೇಗೋ ಚೂರು ಗಾಳಿ ನುಸುಳುತ್ತದೆ, ಮತ್ತೆ ನಾಲ್ಕು ಹಾಳೆಗಾಗುವಷ್ಟು ನೀಲಿ ಇಳಿಯುತ್ತದೆ.

ದಫೇದಾರಮ್ಮ ಉಗುರಿನಿಂದ 'ಚರ್' ಎಂದು ಟೇಪು ಕಿತ್ತಳು. ಕಾರ್ಟ್ರಿಡ್ಜ್ ಉಸಿರೆಳೆದುಕೊಂಡಂತೆ ಒಂದು ಸಣ್ಣ ಸದ್ದಾಯಿತು, ಜೊತೆಗೇ ಒಂದಿಷ್ಟು ನೀಲಿ ಅವಳ ಅಂಗೈಗೆ ಚಿಮ್ಮಿತು. ಒರೆಸಿದಷ್ಟೂ ಹರಡಿತು. ಕಾರ್ಟ್ರಿಡ್ಜನ್ನು ಅದರ ಜಾಗಕ್ಕೆ ಕೂರಿಸಿ ಇನ್ನೊಮ್ಮೆ ಹೆಡ್ ತೊಳೆಸಿದರು. ಆಮೇಲೆ ಬಂದ ಹಾಳೆಗಳೆಲ್ಲ ನೀಲಿ. ಹತ್ತನೆಯದೂ ನೀಲಿ.

ಅಳಿಯ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ತನ್ನ ಒಂದು ಚೂರು ಟೇಪಿನಿಂದ ಮಾವ ಊರ ತುಂಬ ಜನ ಇದ್ದೂ ಯಾರ ಕಣ್ಣಿಗೂ ಬೀಳದೆ ಅಲೆಯುತ್ತಿದ್ದಾನೆ ಎಂದು ಅವನಿಗೆ ಈಗ ಪೂರ್ತಿ ಇಳಿದಿತ್ತು. ದಫೇದಾರಮ್ಮ ಅವನ ಬೆನ್ನ ಮೇಲೆ ಬಲಗೈ ಇಟ್ಟಳು. ಎಡಗೈ ನೀಲಿಯಾಗಿತ್ತು.

ಆದರೆ ಅವಳ ತಲೆ ಬೇರೆ ಕಡೆ ಓಡುತ್ತಿತ್ತು.

"ಅವತ್ತು ಸಂಜೆ ಕಾರ್ಟ್ರಿಡ್ಜಿಗೆ ಆಗ ತಾನೇ ಇಂಕು ತುಂಬಿದ್ದೆ ಅಲ್ವಾ?"

"ಹೌದು. ತುಂಬಿ, ಟೇಪ್ ಹಾಕಿ, ಪ್ರಿಂಟ್ ಕೊಟ್ಟೆ."

"ಹಾಗಾದ್ರೆ ಅವತ್ತೂ ಮೊದಲು ಬಂದ ಹಾಳೆಗಳು ನೀಲಿಯೇ ಇರಬೇಕು. ಕೆಂಪು ಬಂದದ್ದು ಆಮೇಲೆ. ಊರಿನ ಗೋಡೆಗಳ ಮೇಲೆ ಒಂದಾದರೂ ನೀಲಿ ನಾನು ನೋಡಿಲ್ಲ. ಆ ಮೊದಲ ಹಾಳೆಗಳು ಎಲ್ಲಿ ಹೋದವು?"

ಅಳಿಯ ತಲೆಯೆತ್ತಿ ನೆನಪು ಮಾಡಿಕೊಂಡ.

"ಅವನ್ನ ನಾನು ಹಚ್ಚಲಿಲ್ಲ ಮೇಡಂ. ಪ್ರಿಂಟ್ ಆಗ್ತಿರೋವಾಗಲೇ ಸರಾಫರು ಬಂದಿದ್ರು, ವಿಷಯ ಕೇಳಿ ಬಂದೆ ಅಂತ. ಇಲ್ಲೇ ನಿಂತು ಒಂದೈದಾರು ಹಾಳೆ ತಗೊಂಡ್ರು. ಮಸಿ ಇನ್ನೂ ಆರಿಲ್ಲ ಅಂದೆ. ಪರವಾಗಿಲ್ಲ, ಅಂಗಡಿ ಸುತ್ತ ನಾನೇ ಹಚ್ಚಿಸ್ತೀನಿ ಅಂದ್ರು."

ಸರಾಫರ ಅಂಗಡಿಯ ಸುತ್ತಮುತ್ತ ದಫೇದಾರಮ್ಮ ಎರಡು ಸಲ ತಿರುಗಿದ್ದಳು. ಅಲ್ಲಿ ಒಂದು ಪೋಸ್ಟರೂ ಇರಲಿಲ್ಲ. ಪಾಪ, ಕಳೆದುಕೊಂಡ ದುಃಖದಲ್ಲಿ ಮರೆತಿರಬೇಕು ಎಂದುಕೊಂಡಿದ್ದಳು.

ನೀಲಿ ಹಾಳೆ ಇದ್ದದ್ದು ಒಬ್ಬರ ಬಳಿ. ನೀಲಿ ಸ್ವೆಟರ್ ಕೇಳಿದವನೂ ಒಬ್ಬನೇ. ತನ್ನ ತಿಜೋರಿಗೆ ತಾನೇ ಇನ್ನೊಂದು ಕೀಲಿ ಮಾಡಿಸಿಕೊಂಡವನಿಗೆ ಬೀಗ ಒಡೆಯುವ ಕೆಲಸವೇ ಇಲ್ಲ. ಆ ಕೀಲಿಗೆ ಸಾಕ್ಷಿ ಮಾಡಿಕೊಟ್ಟ ಮುದುಕ ಒಬ್ಬನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೆಜ್ಜೆ ಗುರುತು ಎಲ್ಲಿ ಹುಡುಕುವುದು? ಗೇಟಿನ ಬಳಿ ಅವರು ಬಸ್ಸಿನ ಮಾತೆತ್ತಿದ್ದು ಈಗ ನೆನಪಾಯಿತು. ಬಸ್ ನಿಲ್ದಾಣದ ಹೆಸರನ್ನು ತಾನು ಎತ್ತಿರಲೇ ಇಲ್ಲ.

ದಫೇದಾರಮ್ಮ ಬಾಗಿಲು ತೆರೆದಳು.

ಮಗಳು ಬಾಗಿಲ ಆಚೆಯೇ ನಿಂತಿದ್ದಳು. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಜೀವವಿತ್ತು.

"ಆಗಲೇ ಹೇಳೋಕೆ ಬಂದೆ ಅಕ್ಕ, ನೀವು ಆಮೇಲೆ ಅಂದ್ರಿ. ಬಸ್ ನಿಲ್ದಾಣದಿಂದ ಫೋನ್ ಬಂತು. ನೆಲ ಒರೆಸೋ ಹೆಂಗಸಂತೆ. ಅಪ್ಪ ಬಂದು ಅದೇ ಬೆಂಚಲ್ಲಿ ಕೂತಿದಾರಂತೆ. ಚೆನ್ನಾಗಿದಾರಂತೆ." ಅವಳು ಅಳುತ್ತಲೇ ನಕ್ಕಳು. "ನೀವು ಕೆಲಸದಲ್ಲಿದ್ರಲ್ಲ, ಸರಾಫರಿಗೆ ಫೋನ್ ಮಾಡಿದೆ. ಅವರ ಅಂಗಡಿ ಅಲ್ಲೇ ಹತ್ರ. ಇದೋ ಹೊರಟೆ, ನಾನೇ ಕರ್ಕೊಂಡು ಬರ್ತೀನಿ ಅಂದ್ರು."

ದಫೇದಾರಮ್ಮ ನೇರ ಫೋನಿನ ಬಳಿ ಹೋಗಿ ಎಡಗೈ ಬಿಚ್ಚಿದಳು. ಅಂಗೈ ಪೂರ್ತಿ ನೀಲಿ. ಬಾಲ್‌ಪೆನ್ನಿನ ಅಂಕಿಗಳು ಅದರಡಿ ಮುಳುಗಿದ್ದವು. ಕಿಟಕಿಯ ಬೆಳಕಿಗೆ ಅಂಗೈಯನ್ನು ಓರೆ ಮಾಡಿ ಒಂದೊಂದೇ ಅಂಕಿ ಹೆಕ್ಕಿ ಒತ್ತಿದಳು. ಮೊದಲ ಸಲ ಯಾರದೋ ಮನೆಗೆ ಹೋಯಿತು. ಕೊನೆಯದು ಒಂದಲ್ಲ, ಏಳು. ಮತ್ತೆ ಒತ್ತಿದಳು.

ಬಹಳ ಹೊತ್ತು ಬಡಿದುಕೊಂಡ ಮೇಲೆ ಯಾರೋ ಎತ್ತಿದರು. ನೆಲ ಒರೆಸುವ ಹೆಂಗಸಿನ ದನಿ.

"ಆ ತಾತ ಇದಾರಾ?"

"ಈಗ ತಾನೇ ಹೊರಟ್ರಮ್ಮ. ಮಗ ಬಂದು ಕಾರಲ್ಲಿ ಕೂರಿಸ್ಕೊಂಡು ಹೋದ್ರು."

"ಮೊನ್ನೆ ಬಂದಿದ್ರಲ್ಲ, ಅವರೇನಾ?"

"ಅವರೇ. ಅದೇ ದನಿ. ಇವತ್ತೂ ಒರೆಸಿದ ನೆಲ ತುಳ್ಕೊಂಡೇ ಬಂದ್ರು. ಆದ್ರೆ ಆ ತಾತ ಏಳೋಕೆ ಒಪ್ಪಲಿಲ್ಲಮ್ಮ. ಬೆಂಚು ಗಟ್ಟಿಯಾಗಿ ಹಿಡ್ಕೊಂಡಿದ್ರು. ನಿನ್ನ ತಿಜೋರಿಗೆ ಎರಡನೇ ಕೀಲಿನೂ ಮಾಡಿಕೊಟ್ಟೆನಲ್ಲಪ್ಪ, ಇನ್ನೂ ನನ್ನಿಂದ ಏನು ಬೇಕು ಅಂತಿದ್ರು."

ದಫೇದಾರಮ್ಮ ನೀಲಿ ಕೈಯಿಂದ ಫೋನಿನ ಬಾಯಿ ಮುಚ್ಚಿದಳು. ಅಳಿಯ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಎಲ್ಲ ಅರ್ಥವಾಗಿತ್ತು, ಆಗಲೇ ಸೈಕಲ್ಲಿನ ಕೀಲಿಗೆ ತಡಕಾಡುತ್ತಿದ್ದ.

ಮಗಳು ಮಾತ್ರ ಮತ್ತೆ ತನ್ನ ಜಾಗದಲ್ಲಿ ಕೂತು, ಮುಗಿದ ಟೋಪಿಯ ಕೊನೆಯ ಎಳೆಯನ್ನು ಹಲ್ಲಿನಿಂದ ಕತ್ತರಿಸಿದಳು.

"ಎಷ್ಟು ಹೊತ್ತಿಗೆ ಬರ್ತಾರಂತೆ ಅಕ್ಕ?" ಎಂದು ಕೇಳಿದಳು.